ವಿರಾಜಪೇಟೆಯ ಚರ್ಚಿನ ಚರಿತ್ರೆ ಬರೆಯುತ್ತಿರುವವರಿಗೆ

ಪ್ರಿಯ ಕಿರಿಯ ಮಿತ್ರರಿಗೆ,

ನಮಸ್ಕಾರ. ಕೊಡಗಿನ ವಿರಾಜಪೇಟೆಯ ಸಂತ ಅನ್ನಮ್ಮನವರ ಕ್ಯಾಥೊಲಿಕ್ ಚರ್ಚಿನ ಬಗ್ಗೆ ಸ್ಮರಣ ಸಂಚಿಕೆಗಾಗಿ ನೀವು ಬರೆದ ಕರಡನ್ನು ಪೂರ್ತಿ ಓದಿದೆ. ಶ್ರಮ ಎದ್ದು ಕಾಣುತ್ತದೆ, ಭಾಷೆಯಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ಗುರುಗಳ ಹೆಸರುಗಳು, ಅವರು ಬಂದ ಮತ್ತು ವರ್ಗವಾಗಿ ಹೋದ ವರ್ಷಗಳು, ಗೋಪುರ, ಗಂಟೆ, ಪೀಠದ ದುರಸ್ತಿ ಇವೇ ಕರಡಿನ ಮುಕ್ಕಾಲು ಪಾಲನ್ನು ತಿಂದುಹಾಕಿವೆ. ಗುರುಗಳು ಕೆಲವು ವರ್ಷವಿದ್ದು ಹೊರಟುಹೋಗುವವರು. ಬೆಂಚುಗಳಲ್ಲಿ ತಲೆಮಾರುಗಟ್ಟಲೆ ಕುಳಿತವರು ಯಾರು, ಯಾವ ಕಷ್ಟ ಅಥವಾ ಯಾವ ಆಸೆ ಅವರನ್ನು ಈ ಬೆಟ್ಟದ ಊರಿಗೆ ತಂದಿತು, ಬಂದ ಮೇಲೆ ಯಾರ ಗದ್ದೆಯಲ್ಲಿ, ಯಾರ ತೋಟದಲ್ಲಿ ದುಡಿದು ಬದುಕಿದರು ಎಂಬುದು ನಿಜವಾದ ಚರಿತ್ರೆ. ನಿಮ್ಮಲ್ಲಿ ಅದು ಒಂದೂವರೆ ಪುಟದಲ್ಲಿ ಮುಗಿದುಹೋಗಿದೆ.

ಆ ಒಂದೂವರೆ ಪುಟವನ್ನೇ ಬಿಡಿಸಿ ಬರೆಯಿರಿ. ಟಿಪ್ಪು ಸುಲ್ತಾನ 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟದ ದಾರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದನ್ನು ನೀವು 60,000 ಎಂಬ ಒಂದೇ ಅಂಕಿ ಕೊಟ್ಟು ಮುಗಿಸಿದ್ದೀರಿ. ಈ ಸಂಖ್ಯೆ ಬೇರೆ ಬೇರೆ ಬರಹಗಳಲ್ಲಿ 30,000ದಿಂದ 80,000ದವರೆಗೂ ಏರಿಳಿಯುತ್ತದೆ. ಒಂದನ್ನು ಆರಿಸಿಕೊಂಡು ಉಳಿದವನ್ನು ಮರೆಮಾಚುವ ಬದಲು, ಎಣಿಸಿದವರು ಯಾರು, ಯಾವಾಗ ಎಣಿಸಿದರು, ಆ ಎಣಿಕೆಯಿಂದ ಅವರಿಗೆ ಏನಾಗಬೇಕಿತ್ತು ಎಂಬುದನ್ನು ಓದುಗರ ಮುಂದಿಡಿ. ಟಿಪ್ಪುವಿನ ಹೆಸರು ಬಂದ ಕೂಡಲೇ ಇಂದಿನ ರಾಜಕೀಯ ನಿಮ್ಮ ಕೈಯನ್ನು ಎರಡೂ ಕಡೆಯಿಂದ ಜಗ್ಗುತ್ತದೆ. ಕೊಡಗಿನಲ್ಲಂತೂ ಇನ್ನೂ ಜೋರಾಗಿ. ಅದಕ್ಕೆ ಮಣಿಯಬೇಡಿ. ಅದೇ ಕಾಲದಲ್ಲಿ ಕೊಡವರೂ ಸಾವಿರಗಟ್ಟಲೆ ಸೆರೆಯಾಗಿ ಅದೇ ಶ್ರೀರಂಗಪಟ್ಟಣಕ್ಕೆ ಹೋಗಿದ್ದರೆಂಬುದನ್ನು ಸೇರಿಸಿದರೆ, ಆ ಸೆರೆಯಿಂದ ತಪ್ಪಿಸಿಕೊಂಡು ಕೊಡಗಿಗೆ ಆಶ್ರಯ ಕೇಳಿ ಬಂದ ಕ್ರೈಸ್ತರಿಗೂ ಆಶ್ರಯ ಕೊಟ್ಟ ನಾಡಿಗೂ ಒಂದೇ ಗಾಯವಿತ್ತೆಂಬುದು ನೀವು ಹೇಳದೆಯೇ ತಿಳಿಯುತ್ತದೆ.

ಆಶ್ರಯ ಕೊಟ್ಟ ಅರಸನನ್ನು ನೀವು ದೇವದೂತನಂತೆ ಚಿತ್ರಿಸಿದ್ದೀರಿ. ಆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಸ್ವತಃ ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದವನು. 1791ರಲ್ಲಿ ಇಂಗ್ಲಿಷರ ಜನರಲ್ ಅಬರ್‌ಕ್ರಾಂಬಿಯನ್ನು ಭೇಟಿಯಾದದ್ದರ ನೆನಪಿಗೆ ಮರುವರ್ಷ ತನ್ನ ಹೆಸರಿನಲ್ಲೇ ವೀರರಾಜೇಂದ್ರಪೇಟೆ, ಅಂದರೆ ಇಂದಿನ ವಿರಾಜಪೇಟೆ, ಕಟ್ಟಿಸಿದನು. ಯುದ್ಧಗಳಿಂದ ಬರಿದಾದ ನಾಡಿನಲ್ಲಿ ಹೊಸ ಪೇಟೆಯೊಂದಕ್ಕೆ ಜನ ಬೇಕು. ಬೇಸಾಯ ಬಲ್ಲ, ವ್ಯಾಪಾರ ಬಲ್ಲ, ಹಿಂದಿರುಗಿ ಹೋಗಲು ನೆಲೆಯಿಲ್ಲದ, ಕರಾವಳಿಯಿಂದ ಬಂದ ಕೊಂಕಣಿ ಕ್ರೈಸ್ತ ಕುಟುಂಬಗಳು ಸಿಕ್ಕರೆ ಯಾವ ಅರಸ ಬೇಡವೆನ್ನುತ್ತಾನೆ? ಇದು ನನ್ನ ಊಹೆ, ಊಹೆಯೆಂದೇ ತೆಗೆದುಕೊಳ್ಳಿ. ಕರುಣೆ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಕರುಣೆಯ ಜೊತೆಗೆ ಲೆಕ್ಕಾಚಾರವೂ ಇದ್ದಿರಬಹುದೆಂದು ಬರೆದರೆ ಅರಸನಿಗೆ ಅವಮಾನವಾಗುವುದಿಲ್ಲ.

ಇನ್ನು ದಾಖಲೆ ಪುಸ್ತಕಗಳ ವಿಷಯ. ಜ್ಞಾನಸ್ನಾನ (ದೀಕ್ಷಾಸ್ನಾನ), ಮದುವೆ, ಮರಣ ಈ ಮೂರರ ಪುಸ್ತಕಗಳನ್ನು ನೀವು ಹಳೆಯ ಗುರುಗಳ ಸಹಿ ಹುಡುಕುವುದಕ್ಕಷ್ಟೇ ಬಳಸಿದ್ದೀರಿ. ಅವುಗಳನ್ನು ಅಡ್ಡಡ್ಡ ಓದಬೇಡಿ. ಒಂದು ಕಲಂ ಹಿಡಿದು ಮೇಲಿನಿಂದ ಕೆಳಕ್ಕೆ, ಪುಟದಿಂದ ಪುಟಕ್ಕೆ ಇಳಿಯಿರಿ. ಮಗುವಿನ ತಂದೆಯ ಊರು ಬದಲಾಗುತ್ತಾ ಹೋಗುವುದನ್ನು, ಕುಲನಾಮಗಳ ನಡುವೆ ಕುಲನಾಮವೇ ಇಲ್ಲದ ಹೆಸರುಗಳು ನುಸುಳಲು ಆರಂಭಿಸುವ ವರ್ಷವನ್ನು, ಜ್ಞಾನಸ್ನಾನದ ವೇಳೆ ಮಗುವಿನ ಹೊಣೆ ಹೊರುವ ಜ್ಞಾನತಂದೆ ಜ್ಞಾನತಾಯಿಯಾಗಿ ಪದೇ ಪದೇ ನಿಂತವರು ಯಾವ ಮನೆಯವರೆಂಬುದನ್ನು ಬೇರೊಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ಕೂಲಿಯಾಳಿನ ಮಗುವಿಗೆ ಪೇಟೆಯ ವರ್ತಕನ ಹೆಂಡತಿ ಜ್ಞಾನತಾಯಿಯಾಗಿದ್ದರೆ ಅದೊಂದು ಸಂಗತಿ, ಯಾವತ್ತೂ ಆಗದೇ ಇದ್ದರೆ ಅದು ಇನ್ನೂ ದೊಡ್ಡ ಸಂಗತಿ. ಮರಣದ ಪುಸ್ತಕದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪುಟಗಳನ್ನು ಪ್ರತ್ಯೇಕವಾಗಿ ನೋಡಿ. ಕೊಡಗಿನ ಮಳೆಗೂ ಚಳಿಜ್ವರಕ್ಕೂ ಎಷ್ಟು ಮಕ್ಕಳು ಹೋದರೆಂಬುದು ಅಲ್ಲೇ ಸಿಗುತ್ತದೆ. ಒಂದು ಮಾತು: ಮಳೆಗಾಲದಲ್ಲಿ ಆ ಪುಸ್ತಕಗಳನ್ನು ತೆರೆಯಬೇಡಿ. ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಬಿಡಿಸಲು ಹೋದರೆ ಶಾಯಿ ಸಮೇತ ಕಿತ್ತುಬರುತ್ತವೆ.

ಮಡಿಕೇರಿಯ ಬಳಿ ಫೌಲರ್ ಎಂಬ ಇಂಗ್ಲಿಷ್ ತೋಟಗಾರ 1854ರಲ್ಲಿ ಕಾಫಿ ತೋಟ ತೆರೆದ ಮೇಲೆ ಕೊಡಗಿಗೆ ಬರುವವರ ದಾರಿಗಳೇ ಬದಲಾದವು. ಮೈಸೂರು ಸೀಮೆಯಿಂದ, ತಮಿಳು ನಾಡಿನಿಂದ, ಮಲಬಾರಿನಿಂದ ಬಂದವರು ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯಾಳುಗಳ ಸಾಲುಮನೆಗಳಲ್ಲಿ, ನೆಲೆಸಿದರು. ಅವರಲ್ಲಿ ಕ್ರೈಸ್ತರಾಗಿದ್ದವರಿಗೂ ಆದವರಿಗೂ ಭಾನುವಾರದ ಪೂಜೆಗೆ ಪೇಟೆಯ ಚರ್ಚೇ ಗತಿ. ಮೊದಲು ಬಂದ ಕೊಂಕಣಿಯವರು ಮುಂದಿನ ಸಾಲಿನಲ್ಲೂ ಇವರು ಬಾಗಿಲ ಬಳಿಯಲ್ಲೂ ನಿಲ್ಲುತ್ತಿದ್ದರೇ? ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ ಪೂಜೆ ಹೋಗಿ ಜನರ ಭಾಷೆ ಬಂದಾಗ, ಯಾರ ಭಾಷೆ ಬಂತು? ಯಾವ ಭಾಷೆಯ ಪೂಜೆಗೆ ಬೆಳಗಿನ ಯಾವ ಹೊತ್ತು ಸಿಕ್ಕಿತು? ಎಪ್ಪತ್ತು ದಾಟಿದವರಿಗೆ ಇದೆಲ್ಲ ಚೆನ್ನಾಗಿ ನೆನಪಿರುತ್ತದೆ. ಸಂಚಿಕೆಯ ಸಮಿತಿಗೆ ಈ ಅಧ್ಯಾಯ ಹಿಡಿಸದಿರಬಹುದು. ಆದರೂ ಬರೆಯಿರಿ.

ನಿಮ್ಮ ಕರಡಿನಲ್ಲಿ ಪ್ರೊಟೆಸ್ಟಂಟರ ಸುಳಿವೇ ಇಲ್ಲ. ನಿಮ್ಮ ವಿಷಯ ಅದಲ್ಲವೆಂದು ಹೇಳುತ್ತೀರಿ, ಒಪ್ಪುತ್ತೇನೆ. ಆದರೆ ಪಕ್ಕದ ಕಥೆಯನ್ನು ತಿಳಿದುಕೊಂಡರೆ ನಿಮ್ಮ ಕಥೆಯ ವಿಶೇಷ ಗೊತ್ತಾಗುತ್ತದೆ. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟಂಟ್ ಸಂಸ್ಥೆಯ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್, ಹತ್ತು ವರ್ಷಗಳ ನಂತರ ಕ್ರೈಸ್ತರಾದ ಆಲ್ಮಂಡ ಸೋಮಯ್ಯ ಎಂಬ ಕೊಡವರ ಬೆನ್ನಿಗೆ ನಿಂತು ಕೊಡಗಿಗೆ ಬಂದರು. ಒಬ್ಬ ಕೊಡವ ಕ್ರೈಸ್ತನಾದರೆ ಉಳಿದವರೂ ಹಿಂಬಾಲಿಸುತ್ತಾರೆಂಬ ನಿರೀಕ್ಷೆ ಮಿಷನ್ನಿಗಿತ್ತು. ಹಾಗಾಗಲಿಲ್ಲ. ಐನ್‌ಮನೆ ಎಂಬ ಪೂರ್ವಿಕರ ಮನೆ, ಒಕ್ಕವೆಂಬ ಕುಲ, ಕಾರಣರ (ಪೂರ್ವಿಕರ) ಪೂಜೆ, ಪಾಲಾಗದ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿ ಇವೆಲ್ಲವನ್ನೂ ಒಟ್ಟಿಗೆ ಬಿಟ್ಟು ಬರುವುದು ಒಬ್ಬಂಟಿ ಮನುಷ್ಯನಿಗೆ ಎಷ್ಟು ಕಷ್ಟವೆಂಬುದು ಜರ್ಮನಿಯಿಂದ ಬಂದವರಿಗೆ ತಡವಾಗಿ ತಿಳಿದಿರಬೇಕು. ಬದಲಾಗಿ ಬಂದವರು ಕೊಡವರ ಗದ್ದೆಗಳಲ್ಲಿ ತಲೆತಲಾಂತರದಿಂದ ದುಡಿಯುತ್ತಿದ್ದ ಹೊಲೆಯರು. ಅವರಿಗಾಗಿ ಸಿದ್ದಾಪುರದ ಕಡೆ ಆನಂದಪುರವೆಂಬ ಹಳ್ಳಿ ಎದ್ದಿತು. ಗುಲಾಮಗಿರಿಗೆ ಕಾನೂನಿನ ಮಾನ್ಯತೆಯಿಲ್ಲವೆಂಬ ಕಾಯ್ದೆ 1843ರಲ್ಲೇ ಬಂದಿದ್ದರೂ, ಒಡೆಯನ ಮನೆಯಂಗಳ ಬಿಟ್ಟು ತನ್ನದೇ ಗುಡಿಸಲಿಗೆ ಹೋಗಿ ಮಲಗುವುದಕ್ಕೆ ಅಂಥ ಹಳ್ಳಿಯೊಂದು ಬೇಕಾಯಿತು. ಮೋಗ್ಲಿಂಗ್ 1860ರಲ್ಲಿ ಊರಿಗೆ ಮರಳಿದರು, ಆನಂದಪುರದ ಜನ ಉಳಿದರು.

ಮಡಿಕೇರಿ ಕೋಟೆಯೊಳಗಿನ ಸಂತ ಮಾರ್ಕನ ಚರ್ಚಿನದು ಇದಕ್ಕೆ ತೀರ ವಿರುದ್ಧವಾದ ಕಥೆ. ಅಲ್ಲಿದ್ದ ವೀರಭದ್ರ ದೇವಸ್ಥಾನವನ್ನು ಇಂಗ್ಲಿಷರು 1855ರಲ್ಲಿ ಕೆಡವಿಸಿ ತಮಗಾಗಿ ಈ ಚರ್ಚನ್ನು ಕಟ್ಟಿಸಿಕೊಂಡರು. ಅವರು ಹೋದ ಮೇಲೆ ಬೆಂಚುಗಳು ಖಾಲಿಯಾದವು, 1971ರಿಂದ ಅದು ಸರ್ಕಾರಿ ವಸ್ತುಸಂಗ್ರಹಾಲಯ. ನಿಮ್ಮ ಮುನ್ನುಡಿಯಲ್ಲಿ ಇದಕ್ಕೆ ಒಂದು ಪ್ಯಾರಾ ಸಾಕು, ಆದರೆ ದೇವಸ್ಥಾನ ಕೆಡವಿದ್ದನ್ನು ಬಿಡದೆ ಬರೆಯಿರಿ.

ಗುರುಗಳ ಪಟ್ಟಿಯನ್ನೂ ದಾನಿಗಳ ಪಟ್ಟಿಯನ್ನೂ ಅನುಬಂಧಕ್ಕೆ ಕಳಿಸಿ. ಬೇಕಾದವರು ಅಲ್ಲಿ ನೋಡಿಕೊಳ್ಳುತ್ತಾರೆ. ಮಳೆ ಹಿಡಿಯುವ ಮೊದಲು ಸಮಾಧಿ ಭೂಮಿಯ ಕಲ್ಲುಗಳ ಪಾಚಿಯನ್ನು ಒದ್ದೆಬಟ್ಟೆಯಿಂದಷ್ಟೇ ಒರೆಸಿ, ತಂತಿಬ್ರಷ್ ಮುಟ್ಟಿಸದೆ, ಬರಹಗಳನ್ನು ನಕಲು ಮಾಡಿಕೊಳ್ಳಿ. ಕಲ್ಲಿಲ್ಲದ ಮಣ್ಣಗುಡ್ಡೆಗಳು ಯಾವ ಮೂಲೆಯಲ್ಲಿವೆಯೆಂದು ಒಂದು ನಕ್ಷೆ ಬರೆದಿಡಿ. ಲೈನ್ ಮನೆಗಳ ಅಧ್ಯಾಯ ಮೊದಲು ಸಿದ್ಧವಾದರೆ ಅದೊಂದನ್ನೇ ಕಳಿಸಿ, ಉಳಿದದ್ದಕ್ಕೆ ಕಾಯಬೇಡಿ.

ಇತಿ,
ನಿಮ್ಮ ಹಿತೈಷಿ