ಕೊನೆಯ ಹಾಳೆಗಳನ್ನು ಬಿಚ್ಚಿಸಬೇಡ

ಮಗಳೇ,

ನಿನ್ನೆ ಫೋನಲ್ಲಿ ಇಬ್ಬರೂ ಆಡಿದ್ದನ್ನು ಮತ್ತೆ ಇಲ್ಲಿ ಬರೆಯುವುದಿಲ್ಲ. ನಿನ್ನ ಮಾತು ಮುಗಿಯುವ ಮೊದಲೇ ಫೋನ್ ಇಟ್ಟೆ, ಅದಕ್ಕೆ ಬೇಜಾರಿದೆ. ಆದರೆ ಮುಂಬಯಿಯ ಆ ಹಳೇ ಪುಸ್ತಕದ ವ್ಯಾಪಾರಿ ಹೇಳಿದ್ದನ್ನು ಕೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಮನೆಯ ಹಳೇ ತೀರ್ಪಿನ ಪುಸ್ತಕದ ಕೊನೆಗೆ ಹೊಲಿದಿರುವ ಕೈಬರಹದ ಹಾಳೆ ಬಿಚ್ಚಿ ತೆಗೆದರೆ ಪುಸ್ತಕ 'ಕ್ಲೀನ್' ಆಗುತ್ತೆ, ರೇಟು ಜಾಸ್ತಿ ಬರುತ್ತೆ ಅಂದನಂತೆ. ನೀನು ಹೂಂ ಅನ್ನುವ ಮೊದಲು ಇದನ್ನು ಪೂರ್ತಿ ಓದು.

ಅಚ್ಚಾದ ಭಾಗದಲ್ಲಿ ಏನಿದೆ ಅಂತ ನಿನಗೆ ಗೊತ್ತು, ಕಾನೂನು ಓದಿದವಳು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ, ಅಂದರೆ ನಮ್ಮ ಕರಾವಳಿ ಸೀಮೆ, ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ, ಇಲ್ಲಿಯ ಜಮೀನು ಜನರ ಸ್ವಂತ ಆಸ್ತಿ ಅಂತ ಮದ್ರಾಸಿಗೆ ವರದಿ ಬರೆದ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಹಿಂದೆಯೇ ಸರ್ವೆ ಬಂತು, ಆಕಾರ, ಅಂದರೆ ಜಮೀನಿನ ಕಂದಾಯ, ಏರಿತು. ಮೂಲವರ್ಗದವರು, ಅಂದರೆ ಜಮೀನಿನ ಒಡೆತನ ಇದ್ದವರು, ಒಪ್ಪಲಿಲ್ಲ. ಅವರಲ್ಲೊಬ್ಬರು, ವೈಕುಂಠ ಬಾಪೂಜಿ, ಸರ್ಕಾರದ ಮೇಲೇ ದಾವೆ ಹೂಡಿದರು. 1875ರಲ್ಲಿ ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ವೆಸ್ಟ್ರಾಪ್ ಸರ್ಕಾರದ ಕಡೆಗೇ ತೀರ್ಪು ಕೊಟ್ಟರು, ಆಕಾರ ಏರಿಸಬಹುದು ಅಂತ. ಅದಕ್ಕಾಗಿ ವಿಜಯನಗರದ ಕಾಲದಿಂದ ಕಂದಾಯದ ಕಥೆಯನ್ನೆಲ್ಲ ಕೆದಕಿದ್ದಾರೆ.

ಆದರೆ ಆ ಜಗಳ ನಡೆದದ್ದು ಸರ್ಕಾರಕ್ಕೂ ವರ್ಗದಾರರಿಗೂ. ಗದ್ದೆಗೆ ಇಳಿದು ಉತ್ತ ಚಾಲಗೇಣಿಯವನು, ಒಡೆಯ ಬಿಡು ಅಂದರೆ ಬಿಡಬೇಕಾದ ಗೇಣಿದಾರ, ಅಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಅವನ ಹೆಸರು ಇರುವುದು ಆ ಕೊನೆಯ ಹಾಳೆಗಳಲ್ಲಿ. ನನ್ನ ಅಜ್ಜನ ಅಪ್ಪ ಬರೆದು ಹೊಲಿಸಿದ್ದು. ಯಾವ ಗದ್ದೆ, ಯಾರ ಗೇಣಿ, ಎಷ್ಟು ಖಂಡಿ ಭತ್ತ, ಎಷ್ಟು ಬಾಕಿ. ಅವರು ಪುಣ್ಯಕ್ಕೆ ಬರೆದದ್ದಲ್ಲ, ವಸೂಲಿಗೆ ಬರೆದದ್ದು. ಆದರೂ ಬರೆದಿಟ್ಟರಲ್ಲ.

ನಿನ್ನ ಅಜ್ಜನ ಈ ಸಂಗತಿಯನ್ನು ನಿನಗೆ ಹೇಳಿದ್ದೆನೋ ಇಲ್ಲವೋ. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತಲ್ಲ, ಊರಲ್ಲೆಲ್ಲ ಫಾರ್ಮ್ ನಂಬರ್ 7ರದ್ದೇ ಮಾತು, ಗೇಣಿದಾರರು ಜಮೀನಿನ ಹಕ್ಕು ಕೇಳಿ ಹಾಕುವ ಅರ್ಜಿ ಅದು. ನಾನು ಸಣ್ಣ ಹುಡುಗ. ನಮ್ಮ ಕೆಳಗಿನ ಗದ್ದೆ ಮಾಡುತ್ತಿದ್ದವರು ಒಂದು ಸಂಜೆ ಬಂದು ಅಂಗಳದಲ್ಲಿ ನಿಂತರು. ತಮ್ಮ ಮನೆಯವರು ಯಾವಾಗಿನಿಂದ ಆ ಗದ್ದೆ ಮಾಡುತ್ತಿದ್ದಾರೆ ಅಂತ ಪುಸ್ತಕದಲ್ಲಿ ಇದೆಯಂತೆ, ನೋಡಬೇಕು ಅಂದರು. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಒಳಗೆ ಹೋದರು. ಬರಿಗೈಯಲ್ಲಿ ಹೊರಗೆ ಬಂದರು. ಮತ್ತೆ ಒಳಗೆ ಹೋಗಿ ಪುಸ್ತಕ ತಂದರು.

ಅವರನ್ನು ಜಗಲಿಗೆ ಕರೆದು ಕೂರಿಸಿ ಓದಿದರು. ಶಾಯಿ ಆಗಲೇ ಕಂದಿತ್ತು. ಲಾಟೀನು ಹತ್ತಿರ ಎಳೆದುಕೊಂಡರು. ಅವರ ಅಜ್ಜನ ಹೆಸರು, ಗದ್ದೆಯ ಹೆಸರು, ಎಂಟು ಖಂಡಿ, ಎರಡು ಬಾಕಿ. ಇನ್ನೊಂದು ಸಲ ಓದಿ ಅಂದರು. ಅಪ್ಪ ಓದಿದರು. ಹೆಸರು ಎಲ್ಲಿದೆ ತೋರಿಸಿ ಅಂದರು. ಅವರಿಗೆ ಓದು ಬರುತ್ತಿರಲಿಲ್ಲ. ಅಪ್ಪ ತೋರಿಸಿದ ಜಾಗದಲ್ಲಿ ಬೆರಳಿಟ್ಟರು, ಸುಮಾರು ಹೊತ್ತು ತೆಗೆಯಲೇ ಇಲ್ಲ. ಅಪ್ಪನೂ ಪುಸ್ತಕ ಎಳೆದುಕೊಳ್ಳಲಿಲ್ಲ.

ಗದ್ದೆ ಹೋಯಿತು. ಅದು ಕಾನೂನಿನಿಂದ ಹೋಯಿತು, ಆ ಹಾಳೆಯಿಂದಲ್ಲ. ಆದರೆ ಅಮ್ಮ ಹಾಗೆ ತಿಳಿಯಲಿಲ್ಲ. ಎಷ್ಟೋ ದಿನ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಅವಳ ಸಿಟ್ಟೂ ಸುಳ್ಳಲ್ಲ, ಆ ವರ್ಷ ಮನೆಗೆ ಅಕ್ಕಿ ಕೊಂಡು ತಂದೆವು. ನನಗೆ ಇವತ್ತಿಗೂ ಕಾಡುವುದು ಅಪ್ಪ ಬರಿಗೈಯಲ್ಲಿ ಹೊರಗೆ ಬಂದ ಆ ಗಳಿಗೆ. 'ಪುಸ್ತಕ ಸಿಗಲಿಲ್ಲ' ಅಂದಿದ್ದರೆ ಯಾರು ಕೇಳುತ್ತಿದ್ದರು? ಈಗ ಯಾರೋ ಒಬ್ಬ ಬ್ಲೇಡು ಹಿಡಿದು ಆ ಹಾಳೆಯನ್ನು ಬೇರೆ ಮಾಡುತ್ತಾನೆ ಅಂದರೆ ನನಗೆ ಹೇಗಾಗಬೇಕು ಹೇಳು. ಬಿಚ್ಚಿದ ಹಾಳೆ ಎಲ್ಲಿಗೆ ಹೋಗುತ್ತೆ? ರದ್ದಿಗೆ. ತೀರ್ಪಿನ ಪ್ರತಿ ಇನ್ನೆಲ್ಲಾದರೂ ಸಿಗುತ್ತೆ, ಹೈಕೋರ್ಟಿನ ವರದಿ ಸಂಪುಟದಲ್ಲೂ ಇದೆ. ಆ ಹೆಸರುಗಳು ಬೇರೆಲ್ಲೂ ಇಲ್ಲ.

ಪುಸ್ತಕ ಈಗ ನಿನ್ನ ರೂಮಿನಲ್ಲೇ ಇದೆಯಲ್ಲ, ಅದಕ್ಕೇ ಹೇಳುತ್ತೇನೆ. ಬೆನ್ನಿನ ಚರ್ಮ ಮುಟ್ಟಿದರೆ ಕೆಂಪು ಪುಡಿ ಉದುರುತ್ತೆ, ಅದಕ್ಕೆ ಎಣ್ಣೆ ಪಾಲಿಶ್ ಏನೂ ಹಚ್ಚಬೇಡ. ಸೆಲ್ಲೋಟೇಪ್ ಅಂತೂ ಬೇಡವೇ ಬೇಡ. ಝೆರಾಕ್ಸ್ ಅಂಗಡಿಗೆ ಒಯ್ದರೆ ಗಾಜಿನ ಮೇಲೆ ಬೋರಲು ಹಾಕಿ ಒತ್ತುತ್ತಾರೆ, ಹೊಲಿಗೆ ಕಿತ್ತುಬರುತ್ತೆ. ಎರಡೂ ಕಡೆ ದಿಂಬು ಕೊಟ್ಟು, ಅರ್ಧ ಮಾತ್ರ ತೆರೆದು, ಮೇಲಿನಿಂದ ಫೋಟೋ ತೆಗೆ. ಬಿಸಿಲಿಗೆ ಇಡಬೇಡ. ಅಗಲದ ಹತ್ತಿ ಪಟ್ಟಿಯಲ್ಲಿ ಸಡಿಲವಾಗಿ ಕಟ್ಟು, ರಬ್ಬರ್ ಬ್ಯಾಂಡ್ ಹಾಕಬೇಡ. ಉಪದೇಶ ಜಾಸ್ತಿಯಾಯಿತು ಅಂತ ನಿನಗೆ ಅನ್ನಿಸುತ್ತೆ, ಗೊತ್ತು. ಇನ್ನೂ ಒಂದಿದೆ. ನಾಳೆ ನೀನು ಜಮೀನಿನ ಕೇಸು ನಡೆಸುವವಳು. ಯಾವ ಫೈಲು ಕೈಗೆ ಬಂದರೂ, ಅದರಲ್ಲಿ ಹೆಸರೇ ಇಲ್ಲದವರು ಯಾರು ಅಂತ ಮೊದಲು ನೋಡು.

ಎಲ್‌ಎಲ್‌ಎಂ ಸೀಟು ಸಿಕ್ಕಿದ್ದನ್ನು ಇಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದೇನೆ. ನನಗೆ ಭಾರ ಆಗಬಾರದು ಅಂತ ನೀನು ಮಾರಲು ಹೊರಟೆ, ಅದೂ ಅರ್ಥವಾಗುತ್ತೆ. ಮಾರಲೇಬೇಡ ಅಂತ ಹಟ ಹಿಡಿಯುವುದಿಲ್ಲ. ಮಾರಿದರೆ ಇಡೀ ಪುಸ್ತಕ ಮಾರು, ಹಾಳೆ ಸಮೇತ. ಅದಕ್ಕೂ ಮೊದಲು ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯಲ್ಲಿ ಒಂದು ಮಾತು ಕೇಳೋಣ. ದುಡ್ಡು ಕಡಿಮೆ ಸಿಗಬಹುದು, ಏನೂ ಸಿಗದೆಯೂ ಇರಬಹುದು.

ಫೀಸಿಗೆ ಇಲ್ಲಿಯ ಸೊಸೈಟಿಯಲ್ಲಿ ಸಾಲ ಕೇಳಿದ್ದೇನೆ, ಕೊಡುತ್ತಾರೆ. ಕಾಲೇಜಿನ ಖಾತೆ ನಂಬರು ಕಳಿಸು. ಆ ವ್ಯಾಪಾರಿಗೆ ಇವತ್ತೇ ಫೋನ್ ಮಾಡಿ ಬೇಡ ಅನ್ನು. ಮಾಡಿದ ಮೇಲೆ ನನಗೂ ಒಂದು ಫೋನ್ ಮಾಡು, ಈ ಸಲ ಮಧ್ಯೆ ಇಡುವುದಿಲ್ಲ.

ನಿನ್ನ
ಅಪ್ಪ