ಇಲಿಯ ಸಂತಾನಚಕ್ರ ಮತ್ತು ಹಗಲಿನ ಉದ್ದ

ಮಾನ್ಯ ಸಂಪಾದಕರೇ,

ಇಲಿಜ್ವರದ ಕುರಿತು ತಮ್ಮ ಪತ್ರಿಕೆಯಲ್ಲಿ ಇತ್ತೀಚೆಗೆ ಪ್ರಕಟವಾದ ಲೇಖನ ಸಕಾಲಿಕವಾಗಿತ್ತು. ಆದರೆ ಹೆಣ್ಣಿಲಿಯ ಮಿದುಳಿನಲ್ಲಿ ಸಂತಾನಚಕ್ರಕ್ಕಾಗಿ ನಾಲ್ಕು ದಿನಗಳನ್ನು ಎಣಿಸುವ ಗಡಿಯಾರವಿದೆಯೆಂದೂ, ಹಗಲು ಚಿಕ್ಕದಾದಂತೆ ಅದು ನಿಧಾನವಾಗುವುದರಿಂದ ಚಳಿಗಾಲದವರೆಗೆ ಕಾದು ಇಲಿ ನಿಯಂತ್ರಣ ಕೈಗೊಂಡರೆ ಸಾಕೆಂದೂ ಅದರಲ್ಲಿ ಹೇಳಿರುವುದು ಸರಿಯಲ್ಲ.

ಇಲಿಯ ಋತುಚಕ್ರ ನಾಲ್ಕೈದು ದಿನಗಳದ್ದೆಂಬುದು ನಿಜ. ಅಂಡಾಶಯದಲ್ಲಿ ಅಂಡಕೋಶಗಳು ಬಲಿತು ಈಸ್ಟ್ರೊಜನ್ ಎಂಬ ಹೆಣ್ಣು ಹಾರ್ಮೋನು ಏರಲು ಅಷ್ಟು ಸಮಯ ಹಿಡಿಯುತ್ತದೆ, ಅಷ್ಟೆ. ಗಡಿಯಾರವೋ 24 ಗಂಟೆಯದ್ದೇ: ಕಣ್ಣಿನ ನರಗಳು ಪರಸ್ಪರ ದಾಟುವ ಜಾಗದ ಮೇಲ್ಗಡೆ, ಮಿದುಳಿನ ತಳಭಾಗವಾದ ಹೈಪೊಥಾಲಮಸ್‌ನಲ್ಲಿರುವ ಸುಮಾರು 20,000 ನರಕೋಶಗಳ ಪುಟ್ಟ ಜೋಡಿ ಗುಚ್ಛ. ಅದು ಕಿಸ್‌ಪೆಪ್ಟಿನ್ ಎಂಬ, ಸಂತಾನ ಹಾರ್ಮೋನುಗಳನ್ನು ಪ್ರಚೋದಿಸುವ ವಸ್ತುವನ್ನು ತಯಾರಿಸುವ ನರಕೋಶಗಳಿಗೆ ದಿನವೂ ಸಂಕೇತ ಕೊಡುತ್ತದೆ. ಈಸ್ಟ್ರೊಜನ್ ಸಾಕಷ್ಟಿಲ್ಲದ ದಿನ ಆ ಸಂಕೇತ ವ್ಯರ್ಥ, ಇರುವ ದಿನ ಮಧ್ಯಾಹ್ನ ಕಳೆದ ಮೇಲೆ ಅಂಡ ಬಿಡುಗಡೆ ಮಾಡಿಸುವ ಎಲ್‌ಎಚ್ ಹಾರ್ಮೋನು ಉಕ್ಕಿ ಆ ರಾತ್ರಿಯೇ ಅಂಡ ಬಿಡುಗಡೆಯಾಗುತ್ತದೆ. 1950ರಲ್ಲಿ ಎವೆರೆಟ್ ಮತ್ತು ಸಾಯರ್ ಎಂಬ ವಿಜ್ಞಾನಿಗಳು ಇದನ್ನು ಬಹು ಸೊಗಸಾಗಿ ತೋರಿಸಿದರು. ಆ ದಿನ ಮಧ್ಯಾಹ್ನ ಎರಡು ಗಂಟೆಗೆ ಮುನ್ನ ಇಲಿಗೆ ಬಾರ್ಬಿಟ್ಯುರೇಟ್ ಮಂಪರು ಔಷಧ ಕೊಟ್ಟಾಗ ಅಂಡ ಬಿಡುಗಡೆ ಕೆಲವು ತಾಸು ತಡವಾಗಲಿಲ್ಲ, ಸರಿಯಾಗಿ ಒಂದು ದಿನ ಮುಂದಕ್ಕೆ ಹೋಯಿತು. ನಾಲ್ಕು ಗಂಟೆಯ ನಂತರ ಕೊಟ್ಟ ಔಷಧ ಅದನ್ನು ತಡೆಯಲೇ ಇಲ್ಲ. ಅಂದಿನ ಸಂಕೇತ ತಪ್ಪಿದರೆ ಮರುದಿನ ಅದೇ ಹೊತ್ತಿನ ಸಂಕೇತಕ್ಕೆ ಕಾಯಬೇಕೆಂದು ಇದರರ್ಥ; ನಾಲ್ಕು ದಿನದ ಗಡಿಯಾರವಿದ್ದರೆ ಹೀಗಾಗುತ್ತಿರಲಿಲ್ಲ.

ಹಗಲಿನ ಉದ್ದದ ಮಾತು ಹ್ಯಾಮ್‌ಸ್ಟರ್ ಎಂಬ, ಇಲಿಯಂಥ ಇನ್ನೊಂದು ದಂಶಕ ಪ್ರಾಣಿಯಿಂದ ಬಂದಿರಬೇಕು. ಸಿರಿಯಾ ಮೂಲದ ಆ ಪ್ರಾಣಿಗೆ ಬೆಳಕು ದಿನಕ್ಕೆ ಹನ್ನೆರಡೂವರೆ ಗಂಟೆಗಿಂತ ಕಡಿಮೆಯಾದರೆ, ಕತ್ತಲಲ್ಲಿ ಮಿದುಳಿನಿಂದ ಒಸರುವ ಮೆಲಟೋನಿನ್ ಹಾರ್ಮೋನಿನ ರಾತ್ರಿಯ ಸ್ರಾವ ಹೆಚ್ಚು ಹೊತ್ತು ಮುಂದುವರಿದು, ಕೆಲವು ವಾರಗಳಲ್ಲಿ ವೃಷಣಗಳು ಕುಗ್ಗುತ್ತವೆ. ಪ್ರಯೋಗಾಲಯದ ಇಲಿಯಾದರೋ ಹಗಲಿನ ಉದ್ದಕ್ಕೆ ಅಷ್ಟಾಗಿ ಓಗೊಡುವುದಿಲ್ಲ. ಅಲ್ಲದೆ ಉಡುಪಿಯಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ, ಸಿರಿಯಾದಲ್ಲಾದರೆ ಅದು ಐದು ಗಂಟೆಯ ಹತ್ತಿರ.

ಮಲ್ಪೆ ಬಂದರಿನಲ್ಲಾಗಲಿ ಮಂಗಳೂರಿನ ಹಳೆಯ ಗೋದಾಮುಗಳಲ್ಲಾಗಲಿ ಇಲಿಗಳಿಗೆ ಆಹಾರ ವರ್ಷವಿಡೀ ಸಿಗುತ್ತದೆ. ಗರ್ಭಾವಧಿ ಮೂರು ವಾರದ ಆಸುಪಾಸು. ಹೆತ್ತ ಒಂದು ದಿನದೊಳಗೇ ಹೆಣ್ಣಿಲಿ ಮತ್ತೆ ಗರ್ಭ ಧರಿಸಬಲ್ಲದು. ಚಳಿಗಾಲಕ್ಕೆ ಕಾಯಿರೆಂಬ ಸಲಹೆಯನ್ನು ಪತ್ರಿಕೆ ತಿದ್ದಿ ಪ್ರಕಟಿಸಬೇಕೆಂದು ವಿನಂತಿ.

– ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ, ಉಡುಪಿ