ಆನೆಗೆ ಕೋಪವೂ ಇರಲಿ ಮಗಳೇ

ಪುಟ್ಟೀ,

ನಿನ್ನೆ ರಾತ್ರಿ ಊಟದ ಹೊತ್ತಲ್ಲಿ ನಾವಿಬ್ಬರೂ ಯಾಕೆ ಜಗಳ ಆಡಿದೆವು ಅಂತ ಅಪ್ಪನಿಗೆ ಇನ್ನೂ ಅರ್ಥ ಆಗಿಲ್ಲ. "ಆನೆಗೆ ಸೇಡು ಇರುತ್ತೋ ಇಲ್ವೋ ಅನ್ನೋದಕ್ಕೆ ತಾಯಿ ಮಗಳು ಮಾತು ಬಿಡೋದಾ?" ಅಂತ ಬೆಳಗ್ಗೆಯಿಂದ ಕೇಳುತ್ತಿದ್ದಾರೆ. ಸೋಮವಾರ ನೀನು ಆನೆಗಳನ್ನು ನೋಡಿ ವರದಿ ಬರೆಯುವ ಕೆಲಸಕ್ಕೆ ಬಂಡೀಪುರಕ್ಕೆ ಹೊರಡುತ್ತೀಯ. ಎದುರು ಕೂತು ಹೇಳಿದರೆ ಮತ್ತೆ ನನ್ನ ದನಿ ಏರುತ್ತೆ. ಅದಕ್ಕೇ ಬರೆದು ನಿನ್ನ ಬ್ಯಾಗಿನಲ್ಲಿ ಇಡುತ್ತಿದ್ದೇನೆ. ನಿನ್ನೆ ಕೂಗಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಪ್ರಾಣಿಗಳಿಗೆ ಮನುಷ್ಯರ ಗುಣ ಹಚ್ಚಬಾರದು ಅಂದೆ. ಹೆಸರು ಬೇಡ, ನಂಬರ್ ಸಾಕು. ಕೋಪ, ಸೇಡು, ನಾಚಿಕೆ ಅಂತೆಲ್ಲ ಬರೆಯುವ ಹಾಗಿಲ್ಲ. ಕಿವಿ ಅಗಲಿಸಿತು, ಸೊಂಡಿಲು ಮಡಚಿತು, ಮುಂದೆ ಬಂತು, ಇಷ್ಟೇ ಬರೆಯಬೇಕು. ನಿನ್ನ ಗೈಡ್ ಕಲಿಸಿದ ಪಾಠ, ಸರಿಯಾಗಿಯೇ ಇರುತ್ತೆ. ಆದರೆ "ನೀನು ಹೇಳೋ ಕಥೆಗಳಿಂದಲೇ ಜನ ಹಾಳಾಗಿದ್ದು ಅಮ್ಮ" ಅಂದೆಯಲ್ಲ, ಅದು ನಾಟಿತು.

ಹಲಸಿನ ಮರದ ಹತ್ತಿರ ಸಲಗ ಬಂದ ರಾತ್ರಿಯ ಕಥೆ ಮತ್ತೆ ಹೇಳಲ್ಲ. ಹಬ್ಬಕ್ಕೆ ನೆಂಟರು ಸೇರಿದಾಗೆಲ್ಲ ಯಾರಾದರೂ ಅದನ್ನು ತೆಗೆಯುತ್ತಾರೆ, ಎಲ್ಲರೂ ನಗುತ್ತಾರೆ, ನೀನೂ ನಗುತ್ತೀಯ. ನನಗೆ ನಗು ಬರಲ್ಲ. ನನಗೆ ಕಾಣುವುದು ಜಗುಲಿಯ ಕೊನೆಯ ಮೆಟ್ಟಿಲು, ನಿನ್ನ ಹಸಿರು ಲಂಗ, ಕೈಯಲ್ಲಿ ಬಾಳೆಹಣ್ಣು. "ಗಣಪಾ, ತಗೋ" ಅಂದ ನಿನ್ನ ಆ ದನಿ. ಕಣದ ದೀಪಕ್ಕೆ ಒಂದು ದಂತದ ತುದಿ ಮಾತ್ರ ಹೊಳೆಯುತ್ತಿತ್ತು. ಹಣ್ಣು ಒಡೆದ ವಾಸನೆ ಅಂಗಳದ ತುಂಬ. ಅದು ಮೆಲ್ಲುವುದನ್ನು ನಿಲ್ಲಿಸಿತು. ಆ ಸದ್ದು ನಿಂತರೆ ಏನು ಅಂತ ತೋಟದಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಆಮೇಲೆ ಬೈನೆ ಮರಗಳ ಕಡೆ ತಿರುಗಿ ಹೋಯಿತು.

ಮಗು ಅಂತ ಬಿಟ್ಟಿತು ಅಂದರು ಅಜ್ಜಿ. ಗಾಳಿ ಮನೆ ಕಡೆಯಿಂದ ಬೀಸುತ್ತಿತ್ತು, ನಮ್ಮ ವಾಸನೆ ಸಿಕ್ಕಿ ಹೋಯಿತು ಅನ್ನುವುದು ನಿನ್ನ ಲೆಕ್ಕ. ನನಗೆ ಎರಡೂ ಸಮಾಧಾನ ಕೊಡಲ್ಲ. ಹೋಗದೆಯೂ ಇರಬಹುದಿತ್ತು, ಅಲ್ವಾ?

ನೀನು ಆ ಮೆಟ್ಟಿಲು ಇಳಿದದ್ದು ಅರ್ಧ ಕಥೆ ನಂಬಿ. ಮೋದಕ ತಿನ್ನುವ ಗಣಪ ನಿನಗೆ ಗೊತ್ತಿದ್ದ. ಚಂದ್ರ ನಕ್ಕಿದ್ದಕ್ಕೆ ಸಿಟ್ಟಿಗೆದ್ದು ದಂತ ಮುರಿದು ಎಸೆದು ಶಾಪ ಕೊಟ್ಟ ಗಣಪ ಇನ್ನೂ ಗೊತ್ತಿರಲಿಲ್ಲ. ಆ ಸಿಟ್ಟಿಗೆ ಹೆದರಿ ನಾವು ಈಗಲೂ ಚೌತಿಯ ದಿನ ತಲೆ ತಗ್ಗಿಸಿ ನಡೆಯುತ್ತೇವೆ. ನಮ್ಮ ಹಳೆಯ ಕಥೆಗಳು ಮನುಷ್ಯರ ಗುಣ ಕೊಡುವಾಗ ಪೂರ್ತಿ ಕೊಟ್ಟಿವೆ ಪುಟ್ಟೀ. ಬಂಡೀಪುರದ ದಾರಿಯಲ್ಲಿ ನಂಜನಗೂಡು ಸಿಗುತ್ತೆ. ಅಲ್ಲಿನ ನಂಜುಂಡ, ಜನಪದರ ಬಾಯಲ್ಲಿ, ಬೆಟ್ಟದ ಚಾಮುಂಡಿಗೆ ಮನಸು ಕೊಟ್ಟು ಮನೆಯಲ್ಲಿ ಹೆಂಡತಿಯ ಕೈಲಿ ಬೈಸಿಕೊಂಡವನು. ದೇವರಿಗೇ ಆಸೆ, ಅಸೂಯೆ, ಮುನಿಸು ಎಲ್ಲ ಕೊಟ್ಟ ಜನ ಅವರು. ಹಾಗಾಗಿಯೇ ದೇವರ ಮುಂದೆ ಹೇಗೆ ನಡೆದುಕೊಳ್ಳಬೇಕು ಅನ್ನುವ ಭಯವೂ ಇತ್ತು.

ನಾಗನನ್ನೇ ನೋಡು. ಘಟ್ಟದ ಕೆಳಗೆ ಸತ್ತ ನಾಗರಹಾವಿಗೆ ಮನುಷ್ಯರಿಗೆ ಮಾಡುವ ಹಾಗೆಯೇ ಸಂಸ್ಕಾರ ಮಾಡುತ್ತಾರೆ. ನಾಗನಿಗೆ ಕೋಪ ಇದೆ, ಮೈಲಿಗೆ ಆಗುತ್ತೆ, ವಂಶಕ್ಕೆ ದೋಷ ಬರುತ್ತೆ ಅಂತ ನಂಬುತ್ತಾರೆ. ಆ ನಂಬಿಕೆಯ ಫಲ ಏನು ಗೊತ್ತಾ? ನಾಗಬನಕ್ಕೆ ಯಾರೂ ಸುಲಭಕ್ಕೆ ಕತ್ತಿ ಹಾಕಲ್ಲ. ಸುತ್ತ ಎಲ್ಲ ಅಡಿಕೆ, ರಬ್ಬರ್ ಆದರೂ ಎಷ್ಟೋ ಕಡೆ ಬನದ ಬಳ್ಳಿ, ಮರ ಹಾಗೆಯೇ ನಿಂತಿವೆ. ಹಾವಿಗೆ ಮನುಷ್ಯರ ಗುಣ ಕೊಟ್ಟವರು ಹಾವಿನಿಂದ ದೂರ ನಿಂತರು, ಅದರ ಜಾಗ ಅದಕ್ಕೆ ಬಿಟ್ಟರು. ಇದನ್ನು ನಿನ್ನ ಪಾಠದಲ್ಲಿ ಎಲ್ಲಿ ಸೇರಿಸುತ್ತಾರೋ ಕೇಳು.

ನೀನು ಸಿಟ್ಟಾಗಬೇಕಾದದ್ದು ಈಗಿನ ರೀಲ್ಸ್ ಮೇಲೆ. ಅಲ್ಲಿ ಆನೆ ಬರೀ ಮುದ್ದು. ಕಾಡಾನೆಗೂ ಒಂದು ಹಾಡು ಹಾಕಿ, ಒಂದು ಹೃದಯ ಅಂಟಿಸಿ ಬಿಡುತ್ತಾರೆ. ನಮ್ಮ ಸಕಲೇಶಪುರದ ಕಡೆ ಭೀಮ ಅನ್ನುವ ಕಾಡಾನೆ ರಸ್ತೆಗೆ ಬಂದರೆ "ಅವನು ಪಾಪ, ಯಾರಿಗೂ ಏನೂ ಮಾಡಲ್ಲ" ಅಂತ ಹಿಂದೆಯೇ ಮೊಬೈಲ್ ಹಿಡಿದು ಹೋಗುತ್ತಾರೆ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲೇ ಸೆಲ್ಫಿಗೆ ಹೋದವನನ್ನು ಆನೆ ಅಟ್ಟಿಸಿ ತುಳಿದ ವಿಡಿಯೊ ನೀನೇ ತೋರಿಸಿದ್ದೆ. ಅವನು ಬದುಕಿದ್ದು ಪುಣ್ಯ. ಆನೆಗೆ ಸೇಡು ಇದೆ ಅಂತ ನಂಬಿದ ನಮ್ಮ ಅಜ್ಜಿ ಯಾವತ್ತಾದರೂ ಹಾಗೆ ಹತ್ತಿರ ಹೋಗುತ್ತಿದ್ದರಾ?

ಒಂದು ಮಾತು ಒಪ್ಪುತ್ತೇನೆ. 2023ರ ಡಿಸೆಂಬರ್ 4ರಂದು ಇಲ್ಲೇ ಯಸಳೂರಿನಲ್ಲಿ ದಸರಾ ಆನೆ ಅರ್ಜುನ ಸತ್ತಾಗ ನಾವಿಬ್ಬರೂ ಅತ್ತೆವು. 2012ರಿಂದ 2019ರವರೆಗೆ 750 ಕೆ.ಜಿ. ಅಂಬಾರಿ ಹೊತ್ತವನು, ಕಾಡಾನೆ ಹಿಡಿಯುವ ಕೆಲಸಕ್ಕೆ ಕರೆಸಿ ಇಲ್ಲಿ ಪ್ರಾಣ ಬಿಟ್ಟ. ಊರೆಲ್ಲ ವೀರಮರಣ ಅಂದಿತು. ಎದುರಿದ್ದ ಕಾಡಾನೆಯನ್ನು ಮಾತ್ರ ಕೊಲೆಗಾರ ಅಂದರು. "ಅದಕ್ಕೆ ಮದ ಬಂದಿತ್ತು ಅಮ್ಮ, ಅದರ ಜಾಗಕ್ಕೆ ಇವರು ಹೋಗಿದ್ದು" ಅಂತ ನೀನು ಕಣ್ಣು ಒರೆಸಿಕೊಳ್ಳುತ್ತಲೇ ಹೇಳಿದೆ. ಆ ಮಾತಿಗೆ ಆವತ್ತು ಎಷ್ಟು ಹೆಮ್ಮೆ ಆಯಿತು ಅಂತ ನಿನಗೆ ಹೇಳಿಲ್ಲ. ಅಷ್ಟು ದುಃಖದಲ್ಲೂ ಆ ಇನ್ನೊಂದು ಆನೆಯ ಕಡೆ ನಿಂತು ಯೋಚಿಸಿದ್ದು ನಮ್ಮ ಮನೆಯಲ್ಲಿ ನೀನೊಬ್ಬಳೇ.

ಆದರೆ ಹೇಗೆ ಯೋಚಿಸಿದೆ ನೀನು? ಅದರ ಜಾಗ, ಅದರ ಹಕ್ಕು ಅಂದೆ. ಮನುಷ್ಯರಿಗೆ ಹೇಳುವ ಮಾತೇ ಅಲ್ವಾ ಅದು? ಪುಣ್ಯಕೋಟಿಯ ಕಥೆ ಹೇಳುವಾಗ ಎಲ್ಲ ಮಕ್ಕಳೂ ಹಸುವಿಗೆ ಅಳುತ್ತಾರೆ. ನೀನು ಅಳುತ್ತಿದ್ದುದು ಅರ್ಬುತ ಹುಲಿಗೆ. ಹಸಿದಿದ್ದ ಹುಲಿ ಯಾಕೆ ಸಾಯಬೇಕು ಅಂತ. ಆ ಅಳು ಇಲ್ಲದೆ ಇದ್ದರೆ ಇವತ್ತು ಪೈಪೋಟಿಯ ಪರೀಕ್ಷೆ ಬರೆದು ಈ ಕೆಲಸಕ್ಕೆ ಹೋಗುತ್ತಿದ್ದೆಯಾ? ನಿನ್ನ ರೂಮಿನ ಗೋಡೆಯ ಮೇಲಿರುವ ಜೇನ್ ಗುಡಾಲ್ 1960ರಲ್ಲಿ ಆಫ್ರಿಕಾದ ಗೋಂಬೆ ಕಾಡಿಗೆ ಹೋಗಿ ಚಿಂಪಾಂಜಿಗಳಿಗೆ ಡೇವಿಡ್, ಫ್ಲೋ, ಫಿಫಿ ಅಂತ ಹೆಸರಿಟ್ಟರು. ನಂಬರ್ ಕೊಡಬೇಕಿತ್ತು ಅಂತ ಕೇಂಬ್ರಿಡ್ಜ್‌ನವರು ಆಕ್ಷೇಪ ಎತ್ತಿದರು ಅಂತ ನೀನೇ ಹೇಳಿದ್ದು. ವರದಿಯಲ್ಲಿ ನಂಬರ್ ಬರೆ, ನಿನ್ನ ಮೇಷ್ಟ್ರ ಮಾತು ಮೀರಬೇಡ. ಮನಸ್ಸಿನಲ್ಲಿ ಹೆಸರು ಇಟ್ಟುಕೋ. ಇಡುವಾಗ ಅದಕ್ಕೆ ಕೋಪವನ್ನೂ ಕೊಡು, ಒಂಟಿಯಾಗಿರಬೇಕು ಅನ್ನುವ ಆಸೆಯನ್ನೂ ಕೊಡು. ನಿನ್ನನ್ನು ಕಂಡರೆ ಆಗದೆ ಇರುವ ಹಕ್ಕನ್ನೂ ಕೊಡು.

ಮತ್ತೆ ಆ ಮೆಟ್ಟಿಲಿಗೇ ಬಂದೆ ನೋಡು. ನೀನು ದೊಡ್ಡವಳಾಗಿದ್ದೀಯ, ಗಾಳಿಯ ದಿಕ್ಕು ನೋಡಲು ಕಲಿತಿದ್ದೀಯ, ನನಗಿಂತ ಜಾಸ್ತಿ ಗೊತ್ತು. ಆದರೂ ಹೇಳುತ್ತೇನೆ. ಗಾಳಿ ಸುಳ್ಳು ಹೇಳುವ ದಿನವೂ ಇರುತ್ತೆ. ಹಿಂದೊಮ್ಮೆ ಆನೆ ಬಿಟ್ಟು ಹೋಗಿತ್ತು ಅನ್ನುವ ಧೈರ್ಯ ಎಲ್ಲೋ ಒಳಗೆ ಕೂತಿದ್ದರೆ ಅದನ್ನು ಇಲ್ಲೇ ಬಿಟ್ಟು ಹೋಗು.

ಅಲ್ಲಿನ ವಾಚರ್‌ಗಳು ಬಹಳ ಜನ ಸೋಲಿಗರು, ಜೇನುಕುರುಬರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿದೇವರು ಹುಲಿವೀರಪ್ಪನಿಗೆ ಕೈ ಮುಗಿಯುವವರು. ಅವರಲ್ಲಿ ಯಾರಾದರೂ "ಇವತ್ತು ಅವನ ಮನಸು ಸರಿಯಿಲ್ಲ ಅಕ್ಕ, ವಾಪಸ್ ಹೋಗೋಣ" ಅಂದರೆ, ಹೇಗೆ ಗೊತ್ತಾಯಿತು, ಪುರಾವೆ ಏನು ಅಂತ ನಿಂತು ಕೇಳಬೇಡ. ಜೀಪು ತಿರುಗಿಸು. ಪ್ರಶ್ನೆ ಕ್ಯಾಂಪಿಗೆ ಬಂದ ಮೇಲೆ ಕೇಳು, ಅವರು ಹೇಳಿದ್ದನ್ನು ಬರೆದುಕೋ. ಸಂಜೆ ಐದರ ಮೇಲೆ ಒಬ್ಬಳೇ ಎಲ್ಲೂ ನಡೆಯಬೇಡ. ಬೈಕಿನಲ್ಲಂತೂ ಬೇಡವೇ ಬೇಡ.

ಆಯುಧ ಪೂಜೆಗೆ ಬರಲು ರಜೆ ಸಿಗುತ್ತಾ ಕೇಳು. ಅಪ್ಪ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾರ ಹಾಕಿ ಆ ದಿನ ಅದಕ್ಕೂ ರಜೆ ಅನ್ನುವುದಕ್ಕೆ ನೀನು ಇನ್ನೂ ಏನೂ ಅಂದಿಲ್ಲ, ಅದೊಂದನ್ನು ಬಿಟ್ಟುಬಿಡು. ಪುಳಿಯೋಗರೆ ಗೊಜ್ಜು, ಸ್ವೆಟರ್ ಎರಡೂ ಬ್ಯಾಗಿನ ಕೆಳಗಿವೆ. ಗುಂಡ್ಲುಪೇಟೆ ಮುಟ್ಟಿದ ಕೂಡಲೇ ಫೋನ್ ಮಾಡು. ಕಾಡಿನೊಳಗೆ ನೆಟ್‌ವರ್ಕ್ ಸಿಗದಿದ್ದರೆ ಯಾರ ನಂಬರ್‌ಗೆ ಮಾಡಬೇಕು ಅಂತ ಅಪ್ಪನ ಹತ್ತಿರ ಬರೆಸಿ ಹೋಗು.

ನಿನ್ನ ಅಮ್ಮ